ಕಂಡುಹಿಡಿದ ಮೇಲೆ

(ಅಂಕೋಲೆಯಲ್ಲಿ ನೀಡಿದ ದತ್ತಿ ಉಪನ್ಯಾಸ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡು, ಅಚ್ಚಿಗೆ ಬೇಕಾದಷ್ಟು ಮಾತ್ರ ತಿದ್ದಲಾಗಿದೆ.)



ಆಸ್ಪತ್ರೆಯ ಬಗ್ಗೆ ಮಾತಾಡಿ ಎಂದು ಕರೆದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ನಮ್ಮ ಜಿಲ್ಲೆಯ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದರೂ ಆ ವಿಷಯದಲ್ಲಿ ನನಗಿಂತ ಚೆನ್ನಾಗಿ ಮಾತಾಡುವವರು ಸಿಗುತ್ತಾರೆ. ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ರೋಗಿಯನ್ನು ಎತ್ತಿಕೊಂಡು ಓಡುವ ದಾರಿಗಳು ಇಲ್ಲಿನ ಪ್ರತಿ ಮನೆಗೂ ಗೊತ್ತು. 2013ರಲ್ಲಿ ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬಂತು. ಹಾಗಿದ್ದೂ 2022ರಲ್ಲಿ ದೊಡ್ಡ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿಯಬೇಕಾಯಿತು. ಆ ಬೇಡಿಕೆ ನ್ಯಾಯವಾದದ್ದು. ಅದಕ್ಕೆ ನಾನು ಸೇರಿಸುವುದೇನೂ ಇಲ್ಲ.

ಸಂಘಟಕರು ಕೊಟ್ಟಿರುವುದು ಸಂಶೋಧನೆಯ ವಿಷಯ. ಬಡ ದೇಶದಲ್ಲಿ ವೈದ್ಯಕೀಯ ಸಂಶೋಧನೆ ಎಂದ ಕೂಡಲೇ ಹಣವಿಲ್ಲ, ಯಂತ್ರವಿಲ್ಲ, ಬುದ್ಧಿವಂತರು ಅಮೆರಿಕಕ್ಕೆ ಹೋದರು ಎಂಬ ಮಾತು ಶುರುವಾಗುತ್ತದೆ. ನಾನು ಸಮುದಾಯ ವೈದ್ಯಶಾಸ್ತ್ರವನ್ನು ಓದಿಸಿದವನು, ಈ ರಾಗವನ್ನು ಸಾಕಷ್ಟು ಕೇಳಿದ್ದೇನೆ. ಈ ಜಿಲ್ಲೆಯ ಮಟ್ಟಿಗೆ ಅದು ಅರ್ಧ ಸುಳ್ಳು. ಸಂಶೋಧನೆ ನಮ್ಮ ಮನೆಬಾಗಿಲಿಗೆ ಎರಡು ಸಲ ಬಂದಿತ್ತು. ಒಮ್ಮೆ ನಮ್ಮ ಮನೆಗಳ ಗೋಡೆಯ ತನಕ, ಇನ್ನೊಮ್ಮೆ ನಮ್ಮ ಕಾಡಿನ ದರಕಿನ ತನಕ. ಎರಡು ಸಲವೂ ಜಗತ್ತೇ ತಿರುಗಿ ನೋಡುವಂಥ ಕೆಲಸವಾಯಿತು. ಕಂಡುಹಿಡಿಯುವುದರಲ್ಲಿ ನಾವು ಸೋತವರಲ್ಲ. ಕಂಡುಹಿಡಿದ ಮೇಲೆ ಏನಾಯಿತು ಎಂಬುದೇ ಇಂದಿನ ನನ್ನ ಮಾತು.

ಮೊದಲನೆಯದು ಮಲೇರಿಯಾ. ಇಲ್ಲಿ ಕೂತಿರುವ ಎಳೆಯರಿಗೆ ಚಳಿಜ್ವರ ಎಂಬುದು ಅಜ್ಜಿಯ ಮಾತಿನಲ್ಲಿ ಮಾತ್ರ ಉಳಿದಿರಬಹುದು. ಒಂದು ಕಾಲಕ್ಕೆ ಈ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳು ಅದರಿಂದಲೇ ಹಾಳುಬಿದ್ದಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಜಿಲ್ಲೆಯ ಜನಸಂಖ್ಯೆ ಏರುವ ಬದಲು ಇಳಿಯಿತು. ಪ್ಲೇಗು, ಇನ್‌ಫ್ಲುಯೆಂಜಾಗಳ ಪಾಲೂ ಅದರಲ್ಲಿತ್ತು. ಆದರೆ ವರ್ಷವರ್ಷವೂ ತಪ್ಪದೆ ಬರುತ್ತಿದ್ದುದು ಚಳಿಜ್ವರ. ಡಾಕ್ಟರುಗಳು ಹಳ್ಳಿಗೆ ಬಂದು ಮಕ್ಕಳ ಹೊಟ್ಟೆ ಒತ್ತಿ ನೋಡುತ್ತಿದ್ದರು. ಎಷ್ಟು ಮಕ್ಕಳಲ್ಲಿ ಜ್ವರಗಡ್ಡೆ ಕೈಗೆ ಸಿಗುತ್ತದೆ ಎಂಬುದರ ಮೇಲೆ ಆ ಊರಿನ ಮಲೇರಿಯಾವನ್ನು ಅಳೆಯುತ್ತಿದ್ದರು. ಇಲ್ಲಿ ರೋಗ ಹರಡುತ್ತಿದ್ದುದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಅದು ಕೊಳಚೆಯಲ್ಲಿ ಹುಟ್ಟುವುದಲ್ಲ. ಮೆಲ್ಲಗೆ ಹರಿಯುವ ಹಳ್ಳದ ಅಂಚಿನ ತಿಳಿನೀರು ಅದಕ್ಕೆ ಬೇಕು. ನಮ್ಮ ಘಟ್ಟದಲ್ಲಿ ಅಂಥ ನೀರಿಗೆ ಬರವೇ?

ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. 1945–46ರಲ್ಲಿ ಆ ಪ್ರಾಂತದ ಮಲೇರಿಯಾ ವಿಭಾಗ ಕೆನರಾ (ಅಂದರೆ ನಮ್ಮ ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿಡಿಟಿ ಹೊಡೆಸಿತು. ಯುದ್ಧಕಾಲದಲ್ಲಿ ಸೈನಿಕರಿಗಾಗಿ ಬಳಕೆಗೆ ಬಂದಿದ್ದ ಮದ್ದು ಹಳ್ಳಿಯವರ ಮಣ್ಣಿನ ಗೋಡೆಗೆ ಬಂದದ್ದು ಭಾರತದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಮೊದಲು ಇಲ್ಲೇ. ಮುಂದಾಳು ಡಿ. ಕೆ. ವಿಶ್ವನಾಥನ್. ಜೊತೆಗಿದ್ದ ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್. ಈ ಎರಡನೆಯ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಕೆನರಾ–ಧಾರವಾಡದ ಲೆಕ್ಕಗಳನ್ನು ಅವರಿಬ್ಬರೂ 1947ರಲ್ಲಿ ಪ್ರಕಟಿಸಿದರು. ದೇಶದ ಮಟ್ಟದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಶುರುವಾದಾಗ ಅದರ ಬೆನ್ನಿಗಿದ್ದ ಅನುಭವದಲ್ಲಿ ನಮ್ಮ ಜಿಲ್ಲೆಯದೂ ದೊಡ್ಡ ಪಾಲು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಾಜು. 1965ರ ಹೊತ್ತಿಗೆ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಇಳಿದವು.

ಗೆದ್ದೆವು ಎಂದುಕೊಂಡರು. ಗೆದ್ದವರಿಗೆ ಕಾವಲುಗಾರ ಯಾಕೆ? ಸೊಳ್ಳೆ ಎಣಿಸುತ್ತಿದ್ದವರು, ಮನೆಮನೆಗೆ ಹೋಗಿ ಜ್ವರ ಬಂದವರ ರಕ್ತ ತೆಗೆದು ಗಾಜಿನ ಮೇಲೆ ಸವರುತ್ತಿದ್ದವರು ದಂಡದ ಖರ್ಚಿನಂತೆ ಕಾಣತೊಡಗಿದರು. ಡಿಡಿಟಿಗೆ ಬಗ್ಗದ ಸೊಳ್ಳೆಗಳೂ ಬಂದವು. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನಂತೆ ಮಲೇರಿಯಾದವರು, ಸಿಡುಬಿನವರು, ಕುಟುಂಬ ಯೋಜನೆಯವರು ಎಲ್ಲರೂ ಸೇರಿ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತರಾದರು. ಕಾಗದದ ಮೇಲೆ ಒಳ್ಳೆಯ ಯೋಚನೆಯೇ. ಆದರೆ ಆ ವರ್ಷಗಳಲ್ಲಿ ಮೇಲಿನಿಂದ ಬರುತ್ತಿದ್ದ ಗುರಿ ಯಾವುದರದ್ದು ಎಂಬುದು ತುರ್ತುಪರಿಸ್ಥಿತಿಯನ್ನು ಕಂಡವರಿಗೆ ಗೊತ್ತು, ಸೊಳ್ಳೆಯದಂತೂ ಅಲ್ಲ. 1976ರಲ್ಲಿ ದೇಶದಲ್ಲಿ 64 ಲಕ್ಷ ಮಲೇರಿಯಾ ಪ್ರಕರಣಗಳು ದಾಖಲಾದವು.

ಇದಿಷ್ಟು ಪೀಠಿಕೆ. ಎರಡನೆಯ ಕಥೆ ಇನ್ನೂ ನಡೆಯುತ್ತಿದೆ. ಅದರ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತೇನೆ.

1957ರ ಮಾರ್ಚ್. ಕರ್ನಾಟಕ ಏಕೀಕರಣವಾಗಿ ಇನ್ನೂ ಐದು ತಿಂಗಳು ತುಂಬಿರಲಿಲ್ಲ, ನಾವು ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂದ ಹೊಸತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದರು. ಕಣ್ಣು ಕೆಂಪಗೆ, ತಲೆ ಸಿಡಿಯುವಂಥ ನೋವು, ಸೊಂಟ–ಮೀನಖಂಡಗಳಲ್ಲಿ ತಡೆಯಲಾರದ ಸೆಳೆತ. ಕೆಲವರಿಗೆ ವಸಡಿನಿಂದ, ಮೂಗಿನಿಂದ ರಕ್ತ. ಜ್ವರ ಬಿಟ್ಟಿತು ಎಂದು ಎದ್ದು ಕೂತವರಲ್ಲಿ ಕೆಲವರಿಗೆ ವಾರ ಕಳೆದು ಮತ್ತೆ ಜ್ವರ, ಈ ಸಲ ಮಿದುಳಿಗೆ. ಮೊದಲು ವಿಷಮಶೀತ ಜ್ವರವೆಂದು ಬಗೆದರು. ಆದರೆ ವಿಷಮಶೀತಕ್ಕೆ ಮಂಗ ಯಾಕೆ ಸಾಯಬೇಕು?

ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುತ್ತಿರುವ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿದಾಗ ಅಲ್ಲಿದ್ದವರ ಎದೆ ಝಲ್ಲೆಂದಿತು. ಅವರ ಮನಸ್ಸಿಗೆ ಬಂದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ರೋಗ ಏಷ್ಯಾಕ್ಕೆ ಎಂದೂ ಬಂದಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಊರೂರಿನಲ್ಲಿದೆ. ಅದನ್ನು ತಡೆಯುವ ಶಕ್ತಿ ಯಾರ ರಕ್ತದಲ್ಲೂ ಇಲ್ಲ. ಬಂದರೆ ಗತಿ? ಪುಣೆಯ ಕೇಂದ್ರವನ್ನು 1952ರಲ್ಲಿ ಕಟ್ಟಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ. ಆ ಪ್ರತಿಷ್ಠಾನಕ್ಕೆ ಹಳದಿ ಜ್ವರವೆಂದರೆ ಹಳೆಯ ವೈರಿ. ಹಾಗಾಗಿ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಂಗಡಿಗರು ತಡಮಾಡದೆ ಮಲೆನಾಡಿಗೆ ಬಂದರು. ಅದೇ ವರ್ಷ ಉತ್ತರ ಸಿಕ್ಕಿತು. ಹಳದಿ ಜ್ವರವಲ್ಲ. ರಷ್ಯಾದ ಕಾಡುಗಳ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ, ಆದರೆ ಜಗತ್ತಿಗೇ ಹೊಸದಾದ ವೈರಸ್. ಸೊಳ್ಳೆಯಿಂದಲ್ಲ, ಉಣುಗಿನಿಂದ ಬರುವಂಥದ್ದು. ಅದಕ್ಕೆ ಕ್ಯಾಸನೂರು ಕಾಡಿನ ಹೆಸರೇ ಬಿತ್ತು. ನಮಗೆ ಅದು ಮಂಗನ ಕಾಯಿಲೆ.

ಎಷ್ಟು ಚುರುಕು ನೋಡಿ. ಆ ವೇಗಕ್ಕೆ ಕಾರಣ ಆ ವಿಜ್ಞಾನಿಗಳ ಪ್ರತಿಭೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರ ಬೆನ್ನಿಗೆ ಭಯವೂ ಇತ್ತು, ಅದು ಸೊರಬದ ರೈತನ ಭಯವಲ್ಲ. ಬಂದರು, ವಿಮಾನ ನಿಲ್ದಾಣ, ಇಡೀ ಏಷ್ಯಾದ ಭಯ. ಇದಕ್ಕೆ ಅರವತ್ತು ವರ್ಷ ಹಿಂದೆ ಮುಂಬಯಿಗೆ ಪ್ಲೇಗು ಬಂದು ವ್ಯಾಪಾರಕ್ಕೆ ಕುತ್ತು ಬಂದಾಗ ವಿಜ್ಞಾನಿ ಹಾಫ್‌ಕಿನ್ ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿಯಲ್ಲಿ ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಅದನ್ನು ಹಾಕಿದರು. ದೊಡ್ಡವರ ಭಯ ಬಡವರ ಕಾಯಿಲೆಯ ಜೊತೆ ಸೇರಿದಾಗ ವಿಜ್ಞಾನ ಓಡುತ್ತದೆ. ಕ್ಯಾಸನೂರಿನಲ್ಲಿ ಹಳದಿ ಜ್ವರವಲ್ಲ ಎಂದು ಗೊತ್ತಾದ ದಿನ ಆ ದೊಡ್ಡ ಭಯ ಹೊರಟುಹೋಯಿತು. ಉಳಿದದ್ದು ಊರವರ ಭಯ.

ಹಾಗೆಂದು ವಿಜ್ಞಾನಿಗಳು ಮಾರನೆಯ ದಿನವೇ ಗಂಟುಮೂಟೆ ಕಟ್ಟಲಿಲ್ಲ. ಸಾಗರದಲ್ಲಿ ಕ್ಷೇತ್ರ ಕೇಂದ್ರ ನಡೆಯಿತು. ನೆನಪಿಟ್ಟುಕೊಳ್ಳಿ ಎಂದೆನಲ್ಲ, ಕೆನರಾದ ಡಿಡಿಟಿಯ ಟಿ. ರಾಮಚಂದ್ರ ರಾವ್, ಅವರು ಈಗ ಪುಣೆಯ ಕೇಂದ್ರದಲ್ಲಿದ್ದರು, ಮುಂದೆ ಅದರ ನಿರ್ದೇಶಕರೂ ಆದರು. ಕೊಲಂಬಿಯಾ ದೇಶದಿಂದ ಹೊರ್ಹೆ ಬೊಶೆಲ್ ಬಂದರು. ತಮ್ಮ ದೇಶದ ಕಾಡಿನಲ್ಲಿ ಹಳದಿ ಜ್ವರದ ಜಾಡು ಹಿಡಿದವರು ಅವರು. ಪಿ. ಕೆ. ರಾಜಗೋಪಾಲನ್ ಎಂಬ ತರುಣ ವರ್ಷಗಟ್ಟಲೆ ಈ ಕಾಡು ಅಲೆದರು. ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುವುದು, ಅದಕ್ಕೆ ಹತ್ತಿದ ಉಣುಗನ್ನು ಹೆಕ್ಕುವುದು, ಎಣಿಸುವುದು, ಯಾವ ಜಾತಿಯದು ಎಂದು ನೋಡುವುದು. ಮರುದಿನ ಮತ್ತೆ ಅದೇ. ಕಾಡಿನ ಯಾವ ದಾರಿಯಲ್ಲಿ ಮಂಗನ ಹಿಂಡು ಓಡಾಡುತ್ತದೆ, ಎಲ್ಲಿ ಸತ್ತು ಬಿದ್ದಿದೆ ಎಂದು ಹೇಳುತ್ತಿದ್ದವರು ಊರಿನವರೇ. ಪ್ರಬಂಧಗಳಲ್ಲಿ ಅವರ ಹೆಸರುಗಳು ಸಿಗುವುದು ಕಡಿಮೆ.

ಆ ಎಣಿಕೆಯಿಂದಲೇ ಕಾಯಿಲೆಯ ಗುಟ್ಟು ಬಯಲಾದದ್ದು. ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು ಇದರ ಮುಖ್ಯ ವಾಹಕ. ಮಳೆಗಾಲ ಮುಗಿಯುವಾಗ ಅದರ ಮೊಟ್ಟೆಯೊಡೆದು ಸಣ್ಣ ಹುಳಗಳು ಹೊರಬೀಳುತ್ತವೆ. ಇಲಿ, ಹೆಗ್ಗಣ, ಹಕ್ಕಿ, ಮಂಗ ಯಾವುದು ಸಿಕ್ಕರೂ ರಕ್ತ ಹೀರಿ ಉದುರುತ್ತವೆ. ಪೊರೆ ಕಳಚಿ ಮರಿ ಉಣುಗಾಗುತ್ತವೆ. ನವೆಂಬರಿನಿಂದ ಮೇ ತನಕ ದರಕಿನಲ್ಲಿ ಕಾದು ಕೂತು ಮನುಷ್ಯನನ್ನು ಕಚ್ಚುವುದು ಈ ಮರಿ ಉಣುಗು. ಬೆಳೆದ ಉಣುಗಿಗೆ ದೊಡ್ಡ ಪ್ರಾಣಿಯೇ ಬೇಕು, ಅಂದರೆ ಕಾಡಿಗೆ ಮೇಯಲು ಬಿಟ್ಟ ನಮ್ಮ ದನ. ದನದಿಂದ ಮನುಷ್ಯನಿಗೆ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿನ ಸಂತಾನಕ್ಕೆ ದನದ ರಕ್ತವೇ ಪೋಷಣೆ. ಮುಸಿಯನಿಗೋ ಸಾಧಾರಣ ಮಂಗನಿಗೋ ಸೋಂಕು ತಗುಲಿತೆಂದರೆ ಅದರ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತದೆ. ಮಂಗ ಸತ್ತು ಬಿದ್ದ ಜಾಗದಲ್ಲಿ ಅದರ ಮೈಯ ಉಣುಗುಗಳು ಸುತ್ತ ಹರಡುತ್ತವೆ. ಅಲ್ಲಿ ದರಕು ಗುಡಿಸಲು ಹೋದವರು, ಸೌದೆ ತರಲು ಹೋದವರು, ದನ ಹುಡುಕಲು ಹೋದವರು ಮಲಗುತ್ತಾರೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೇ ಎಂದು ಔಷಧಿ ಇಂದಿಗೂ ಇಲ್ಲ.

ಬೊಶೆಲ್ 1969ರಲ್ಲಿ ಬರೆದದ್ದರ ತಿರುಳು ಹೀಗೆ: ಈ ವೈರಸ್ ಕಾಡಿನಲ್ಲಿ ಮೊದಲೇ ತೆಪ್ಪಗೆ ಇತ್ತು. ಜನ ಹೆಚ್ಚಿ, ಕಾಡು ತುಂಡು ತುಂಡಾಗಿ, ಕಾಡಿನೊಳಗೆ ದನ ಮೇಯುವುದು ಹೆಚ್ಚಿದಾಗ ಉಣುಗು ಉಕ್ಕಿ ಅದು ಸ್ಫೋಟಿಸಿತು. ಇದನ್ನು ಓದುವಾಗಲೆಲ್ಲ ನನಗೆ ಕಾಲಕ್ರಮ ಕಣ್ಣಿಗೆ ಕಟ್ಟುತ್ತದೆ. 1946ರಿಂದ ಮಲೇರಿಯಾ ಹಿಮ್ಮೆಟ್ಟಿತು, ಮಲೆನಾಡಿನ ಕಾಡಂಚು ಬದುಕಬಲ್ಲ ಜಾಗವಾಯಿತು. 1957ಕ್ಕೆ ಕಾಡಂಚಿನಲ್ಲೇ ಹೊಸ ಕಾಯಿಲೆ. ಒಂದರ ಗೆಲುವು ಇನ್ನೊಂದಕ್ಕೆ ದಾರಿ ಬಿಟ್ಟಿತೇ? ಇದು ನನ್ನ ತರ್ಕ, ಸಾಬೀತಾದ ಸಂಗತಿಯೆಂದು ಹೇಳುವುದಿಲ್ಲ. ಆದರೆ ಎರಡೂ ಕಡೆ ಕೆಲಸ ಮಾಡಿದ್ದ ರಾಮಚಂದ್ರ ರಾವ್ ಅವರ ಎದುರು ಕೂತು ಈ ಪ್ರಶ್ನೆ ಕೇಳಬೇಕೆಂಬ ಆಸೆ ನನ್ನಲ್ಲಿ ಉಳಿದೇಹೋಯಿತು.

ಇಲ್ಲೊಂದು ಅಡ್ಡಕಥೆ. ವೈರಸ್ ರಷ್ಯಾದ್ದಕ್ಕೆ ನೆಂಟ ಎಂದು ಗೊತ್ತಾದ ಮೇಲೆ, ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೇ ಎಂಬ ಅನುಮಾನ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸತೊಡಗಿತು. ಮುಂದೆ ಅಮೆರಿಕದ ಸೈನ್ಯದ ಹಣವೂ ಸೇರಿತು. ಹಕ್ಕಿ ವೈರಸ್ ತಂದಿತೆಂಬುದಕ್ಕೆ ಪುರಾವೆ ಸಿಗಲಿಲ್ಲ. ನಮ್ಮ ವೈರಸ್ಸಿಗೆ ತೀರ ಹತ್ತಿರದ ದಾಯಾದಿ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಸೈಬೀರಿಯಾದಲ್ಲಲ್ಲ, ಸೌದಿ ಅರೇಬಿಯಾದಲ್ಲಿ. ಆದರೆ ಭಾರತದ ಹಕ್ಕಿಗಳ ವಲಸೆಯ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ಉಂಗುರಗಳಿಂದ ಬಂತು. ಸೊರಬದ ಮಂಗ ಸತ್ತದ್ದರಿಂದ ಹಕ್ಕಿಪ್ರಿಯರಿಗೆ ಲಾಭವಾಯಿತು.

ಆ ಸೈನ್ಯದ ಹಣ ಮುಂದೆ ದೊಡ್ಡ ಗಲಾಟೆಗೂ ಕಾರಣವಾಯಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಹಣದ ಸಂಶೋಧನೆಗಳ ಮೇಲೆ ಕಟುವಾದ ವರದಿ ಕೊಟ್ಟಿತು. ದೆಹಲಿಯಲ್ಲಿ ನಡೆಯುತ್ತಿದ್ದ ಸೊಳ್ಳೆಗಳ ವಂಶನಿಯಂತ್ರಣ ಯೋಜನೆ, ಈ ಹಕ್ಕಿಗಳ ಅಧ್ಯಯನ, ಎಲ್ಲವೂ ಅದರಲ್ಲಿ ಬಂದವು. ನಮ್ಮ ನೆಲದ ಮಾಹಿತಿ ಯಾರಿಗೆ ಹೋಗುತ್ತಿದೆ, ಜೈವಿಕ ಯುದ್ಧಕ್ಕೆ ಬಳಕೆಯಾದರೆ ಏನು ಗತಿ ಎಂದು ಸಮಿತಿ ಕೇಳಿತು. ಅನುಮಾನ ಪೂರ್ತಿ ಹುರುಳಿಲ್ಲದ್ದಲ್ಲ. ಶೀತಲ ಸಮರದ ಕಾಲ, ಅಮೆರಿಕದ ಸೈನ್ಯಕ್ಕೆ ನಮ್ಮ ಹಕ್ಕಿಗಳ ಮೇಲೆ ಏಕಾಏಕಿ ಪ್ರೀತಿ ಬಂದಿರಲಾರದು. ಆದರೂ ಸಮಿತಿ ಅರ್ಧ ಪ್ರಶ್ನೆಯನ್ನು ಮಾತ್ರ ಕೇಳಿತೆಂದು ನನ್ನ ಅಭಿಪ್ರಾಯ. ಹಣ ಯಾರದು ಎಂದು ಕೇಳಿತು. ಅವರು ಹೋದ ಮೇಲೆ ಕೆಲಸ ಯಾರದು ಎಂದು ಕೇಳಲಿಲ್ಲ. ರಾಕ್‌ಫೆಲ್ಲರ್ ಪ್ರತಿಷ್ಠಾನ 1967ರಲ್ಲೇ ಪುಣೆಯ ಕೇಂದ್ರದಿಂದ ಕೈ ತೆಗೆದಿತ್ತು. ಅಲ್ಲಿಂದಾಚೆ ಅದು ಪೂರ್ತಿ ನಮ್ಮದೇ. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಆಮೇಲಿನ ಮರೆವಿಗೆ ವಿದೇಶದವರನ್ನು ದೂರುವಂತಿಲ್ಲ.

ಆ ಮರೆವನ್ನು ಬಡಿದೆಬ್ಬಿಸಿದ್ದು 1982–83. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟ ಮಾಡಲೆಂದು ಕಾಡು ಸವರಿದರು. ಕಡಿದವರು ಕೂಲಿಯವರು. ಮಂಗ ಸತ್ತವು, ಹಿಂದೆಯೇ ಕೂಲಿಯವರು ಸತ್ತರು. ಕಾಯಿಲೆ ಅದುವರೆಗೆ ಕಂಡಿರದಷ್ಟು ಜೋರಾಗಿ ಬಂದ ವರ್ಷಗಳವು. ಆಗ ಆ ಭಾಗದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಒಂದು ಲೇಖನ ಬರೆದು, ಇದನ್ನು ಅಭಿವೃದ್ಧಿಯೇ ತಂದ ಕಾಯಿಲೆ ಎಂದು ಕರೆದರು. ವೈರಸ್ಸಿನ ಬಗ್ಗೆ ನೂರು ಪ್ರಬಂಧ ಓದಿದವರೂ ಈ ಒಂದನ್ನು ಓದಿರುವುದಿಲ್ಲ, ವೈದ್ಯ ವಿದ್ಯಾರ್ಥಿಗಳಂತೂ ಖಂಡಿತ ಓದಿರುವುದಿಲ್ಲ. ಗೇರು ನಮ್ಮ ಕಡೆಯವರಿಗೆ ಹೊಸದಲ್ಲ. ಕಾರವಾರದ ಗಡಿ ದಾಟಿದರೆ ಗೋವಾ. 2015ರಲ್ಲಿ ಅಲ್ಲಿನ ಸತ್ತರಿ ತಾಲೂಕಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಗೇರುಬೀಜ ಹೆಕ್ಕಲು ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಹೋದ ಕೆಲಸಗಾರರು ಸೋಂಕು ಹೊತ್ತು ಊರಿಗೆ ಮರಳಿದರು. ಜ್ವರ ಹತ್ತಿದ್ದು ಒಂದು ರಾಜ್ಯದಲ್ಲಿ, ಮಲಗಿದ್ದು ಇನ್ನೊಂದರಲ್ಲಿ. ಯಾವ ರಾಜ್ಯದ ವಹಿಯಲ್ಲಿ ಬರೆಯುವುದು? 2012ರಿಂದೀಚೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗ ಎಂದು ಇಡೀ ಸಹ್ಯಾದ್ರಿಯ ಉದ್ದಕ್ಕೂ ಇದು ಕಾಣಿಸಿಕೊಂಡಿದೆ. ಹೊಸದಾಗಿ ಹರಡಿತೋ, ಮೊದಲೇ ಇದ್ದದ್ದು ಈಗ ಹುಡುಕಿದ್ದಕ್ಕೆ ಸಿಕ್ಕಿತೋ ಎಂದು ತೀರ್ಮಾನಿಸಲು ಬೇಕಾದ ಹಳೆಯ ಎಣಿಕೆಗಳೇ ನಮ್ಮಲ್ಲಿ ಸಾಕಷ್ಟಿಲ್ಲ.

ಈಗ ಲಸಿಕೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1950ರ ದಶಕದ ಕೊನೆಯಲ್ಲೇ, ರಷ್ಯಾದ ಮಿದುಳುಜ್ವರಕ್ಕೆ ಇಲಿಯ ಮಿದುಳಿನಿಂದ ಮಾಡಿದ ಲಸಿಕೆಯನ್ನು ಅಮೆರಿಕದಿಂದ ತರಿಸಿ ಮಲೆನಾಡಿನ ಸಾವಿರಾರು ಜನರಿಗೆ ಹಾಕಿದರು. ನಾಟಲಿಲ್ಲ. ಆಮೇಲೆ ಪುಣೆಯಲ್ಲಿ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ನಮ್ಮದೇ ವೈರಸ್ ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು, ಲಸಿಕೆ ಮಾಡಿದರು. ಇದು ಸಣ್ಣ ಸಾಧನೆಯಲ್ಲ. ಪ್ರಯೋಗಾಲಯದಲ್ಲಿ ಈ ವೈರಸ್ ಮುಟ್ಟಿದವರಲ್ಲಿ ಹಲವರು ತಾವೇ ಕಾಯಿಲೆ ಬಿದ್ದರು. ಇಂಥ ವೈರಸ್ಸಿಗೆ ತಕ್ಕ ಅತಿ ಭದ್ರತೆಯ ಪ್ರಯೋಗಾಲಯ ಪುಣೆಯಲ್ಲಿ ಆದದ್ದು 2012ರಲ್ಲಿ. 1990ರಿಂದ 1992ರ ತನಕ ಶಿವಮೊಗ್ಗ, ಚಿಕ್ಕಮಗಳೂರು ಮತ್ತು ನಮ್ಮ ಉತ್ತರ ಕನ್ನಡದಲ್ಲಿ ಈ ಲಸಿಕೆಯ ಪರೀಕ್ಷೆ ನಡೆಯಿತು. 1994ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ 79.3, ಎರಡು ಸಲ ಹಾಕಿಸಿಕೊಂಡವರಲ್ಲಿ 93.5ರಷ್ಟು ರಕ್ಷಣೆ.

ಯಾರಿಗಾದರೂ ಸಂತೋಷವಾಗಬೇಕಾದ ಅಂಕಿ. ಆದರೆ ಇದು ಚೀಟಿ ಎತ್ತಿ ಒಬ್ಬರಿಗೆ ಲಸಿಕೆ, ಒಬ್ಬರಿಗೆ ಬರೀ ನೀರು ಎಂದು ಹಂಚಿದ ಪರೀಕ್ಷೆಯಾಗಿರಲಿಲ್ಲ. ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರ ಜೊತೆ ಹೋಲಿಸಿದ್ದು. ಹಾಕಿಸಿಕೊಳ್ಳಲು ಬಂದವರು ಯಾರು? ರಸ್ತೆ ಹತ್ತಿರವಿದ್ದವರು, ಒಂದು ದಿನದ ಕೂಲಿ ಬಿಡಬಲ್ಲವರು, ಕಾಡಿಗೆ ಕಡಿಮೆ ಹೋಗುವವರು ಆಗಿದ್ದರೆ? ಆಗ ಲಸಿಕೆಯ ಖಾತೆಗೆ ಬಂದ ಪುಣ್ಯದಲ್ಲಿ ಒಂದಷ್ಟು ಅವರ ಬದುಕಿನದು. ಇಂಥ ಅನುಮಾನವನ್ನು ಮುಂದಿನ ಹತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಲೆಕ್ಕ ಹಾಕಿ ಬಗೆಹರಿಸಬೇಕಿತ್ತು. 2005ರಿಂದ 2010ರ ತನಕದ ಮಾಹಿತಿಯನ್ನು ಜಾಲಾಡಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ 62.4ಕ್ಕೆ ಇಳಿದಿತ್ತು. ಮೇಲಿಂದ ಬೂಸ್ಟರ್ ಹಾಕಿಸಿಕೊಂಡವರಲ್ಲಿ 82.9. ಎರಡು ಅಧ್ಯಯನಗಳ ನಡುವೆ ಸುಮಾರು ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷವೂ ಇಲಾಖೆಯವರು ಲಸಿಕೆ ಹಾಕುತ್ತಲೇ ಇದ್ದರು, ಜನ ತೋಳು ಕೊಡುತ್ತಲೇ ಇದ್ದರು.

ಎಲ್ಲರೂ ಕೊಡಲಿಲ್ಲ, ಅದೂ ನಿಜ. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚು, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ವರ್ಷವರ್ಷ ಮತ್ತೊಂದು. ಅದೂ ಕಾಯಿಲೆಯ ಕಾಲ ಬರುವ ಮುಂಚೆ, ಅಂದರೆ ಗದ್ದೆ ಕೊಯ್ಲು, ಅಡಿಕೆ ಕೊಯ್ಲುಗಳ ಎದುರಿಗೇ. ಚುಚ್ಚಿದ ಜಾಗ ಚೆನ್ನಾಗಿ ನೋಯುತ್ತಿತ್ತು. ಒಮ್ಮೆ ಹಾಕಿಸಿಕೊಂಡ ಹೆಂಗಸು ಮರುದಿನ ತಲೆಹೊರೆ ಇಳಿಸಲಾರದೆ ಒದ್ದಾಡಿದರೆ ಎರಡನೆಯ ಸಲಕ್ಕೆ ಆರೋಗ್ಯ ಸಹಾಯಕಿಯ ಮುಖ ಕಂಡ ಕೂಡಲೇ ಹಿತ್ತಲ ಬಾಗಿಲಿನಿಂದ ಹೊರಡುತ್ತಾಳೆ. ಇದಕ್ಕೆ ‘ತಿಳಿವಳಿಕೆಯ ಕೊರತೆ’ ಎಂದು ಇಲಾಖೆಯ ವರದಿಗಳು ಹೆಸರಿಡುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಅವಳ ಲೆಕ್ಕ ಅವಳಿಗೆ ಸರಿಯಾಗಿಯೇ ತಿಳಿದಿದೆ.

ಮನುಷ್ಯರಿಗೆ ಬೇಕಾದ ಈ ಲಸಿಕೆ ತಯಾರಾಗುತ್ತಿದ್ದುದು ಎಲ್ಲಿ ಗೊತ್ತೇ? ಬೆಂಗಳೂರಿನ ಹೆಬ್ಬಾಳದಲ್ಲಿ, ದನಕರುಗಳ ಲಸಿಕೆ ಮಾಡುವ ಸರ್ಕಾರಿ ಸಂಸ್ಥೆಯಲ್ಲಿ. ಆ ಸಂಸ್ಥೆ ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ, ಹಾಗಾಗಿ ಮೂಗು ಮುರಿಯುವುದು ಬೇಡ. ಆದರೆ ಯಾವ ಖಾಸಗಿ ಕಂಪನಿಯೂ ಮುಂದೆ ಬರಲಿಲ್ಲ. ಯಾಕೆ ಬರುತ್ತದೆ? ಸರಾಸರಿ ವರ್ಷಕ್ಕೆ ನಾಲ್ಕುನೂರೋ ಐನೂರೋ ಪ್ರಕರಣ, ಅದೂ ದರಕು ಗುಡಿಸುವವರಲ್ಲಿ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವಾದಾಗ ಒಂದಿಷ್ಟು ದಿನ ಟಿವಿಯವರು ಬಂದರು. ಹಳೆಯ ಲಸಿಕೆಯ ಬಲ ಕುಂದುತ್ತ ಬಂದು, 2022ರಲ್ಲಿ ಹಾಕುವುದನ್ನೇ ನಿಲ್ಲಿಸಿದರು. 2024ರಲ್ಲಿ ನಮ್ಮದೇ ಸಿದ್ದಾಪುರ ತಾಲೂಕಿನಲ್ಲಿ ಕಾಯಿಲೆ ಎದ್ದಾಗ ಜನರ ಕೈಯಲ್ಲಿದ್ದದ್ದು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. ಮೊದಲು ಡಿಎಂಪಿ ಎಣ್ಣೆ ಬರುತ್ತಿತ್ತು, ಈಗ ರಕ್ಷಣಾ ಸಂಶೋಧನೆಯವರು ರೂಪಿಸಿದ ಡೇಪಾ. ಹಚ್ಚಿಕೊಂಡಷ್ಟು ಹೊತ್ತು ಒಳ್ಳೆಯದೇ. ವೈರಸ್ ಕಂಡುಹಿಡಿದ ಅರವತ್ತೇಳನೆಯ ವರ್ಷದಲ್ಲಿ ನಮ್ಮ ಬತ್ತಳಿಕೆಯಲ್ಲಿ ಉಳಿದದ್ದು ಅದು.

ಈ ಸಭೆಗೆ ಆಧಾರವಾದ ದತ್ತಿಯ ಕ್ರಮವನ್ನೇ ನೋಡಿ. ಮೂಲಧನ ಮುಟ್ಟುವಂತಿಲ್ಲ. ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಜನ ಬರಲಿ ಬಿಡಲಿ. ನಮ್ಮ ವೈದ್ಯಕೀಯ ಸಂಶೋಧನೆ ನಡೆದದ್ದು ಹೀಗಲ್ಲ, ಜಾತ್ರೆಯ ಹಾಗೆ. ಸಾವು ಹೆಚ್ಚಾದ ವರ್ಷ ತೇರು, ಬಾಜಾ ಬಜಂತ್ರಿ. ಮುಂದಿನ ವರ್ಷ ಬಯಲು. ಉಣುಗಿನ ಎಣಿಕೆಗೆ ಬೇಕಾದದ್ದು ದತ್ತಿಯ ಕ್ರಮ. ಅದೇ ಹತ್ತು ಜಾಗ, ಪ್ರತಿ ತಿಂಗಳು, ಇಪ್ಪತ್ತು ವರ್ಷ. ಇದರಲ್ಲಿ ಪ್ರಶಸ್ತಿ ಬರುವುದಿಲ್ಲ, ದೊಡ್ಡ ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾಗುವುದಿಲ್ಲ, ಬಡ್ತಿ ಸಿಗುವುದಿಲ್ಲ. ಕಾರವಾರದ ವೈದ್ಯಕೀಯ ಕಾಲೇಜಿನ ಮಿತ್ರರು ಇಲ್ಲಿದ್ದಾರೆ, ಅವರಿಗೆ ನನ್ನ ಒಂದು ಸಲಹೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮೇಲೆ ಪ್ರಬಂಧ ಬರೆಯಲು ದೇಶದ ಎಲ್ಲ ಕಾಲೇಜುಗಳೂ ಇವೆ. ಅಂಕೋಲೆಯ ಅಚವೆ, ಹಿಲ್ಲೂರು ಕಡೆಯ ಕಾಡಂಚಿನಲ್ಲಿ ಯಾವ ತಿಂಗಳು ಎಷ್ಟು ಉಣುಗು ಇದೆ ಎಂದು ಎಣಿಸಬಲ್ಲ ಕಾಲೇಜು ನಿಮ್ಮದಲ್ಲದೆ ಇನ್ನಾವುದಿದೆ?

ಎಣಿಸಲು ಯಾರು ಸಿಗುತ್ತಾರೆ ಎನ್ನಬೇಡಿ. ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆಯ ಮುಖ ಕಂಡವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿ, ಯಾವ ಮರದ ಬೀಜವನ್ನು ಯಾವಾಗ ಎತ್ತಬೇಕು, ತಾಯಿಮರ ಯಾವುದು ಎಂದು ಅಧಿಕಾರಿಗಳಿಗೇ ಹೇಳಿಕೊಡುವಷ್ಟು ಕಾಡು ಬಲ್ಲವರಾದರು. ಪದ್ಮಶ್ರೀ ಬಂದದ್ದು ಬದುಕಿನ ಕೊನೆಗಾಲಕ್ಕೆ. ಅವರಂಥವರು ಕಾಡಂಚಿನ ಪ್ರತಿ ಕೇರಿಯಲ್ಲೂ ಇದ್ದಾರೆ. ಹಾಲಕ್ಕಿಗಳಲ್ಲಿ, ಸಿದ್ದಿಗಳಲ್ಲಿ, ಗೌಳಿಗಳಲ್ಲಿ, ಕುಣಬಿಗಳಲ್ಲಿ. ಮಂಗ ಸತ್ತ ವಾಸನೆ ಮೊದಲು ಬರುವುದು ಅವರ ಮೂಗಿಗೆ. ಅವರು ಆಶಾ ಕಾರ್ಯಕರ್ತೆಗೆ ಹೇಳುತ್ತಾರೆ, ಆಕೆ ಆಸ್ಪತ್ರೆಗೆ ಫೋನು ಮಾಡುತ್ತಾಳೆ, ಆಸ್ಪತ್ರೆಯವರು ಫಾರೆಸ್ಟಿನವರಿಗೆ, ಅವರು ಪಶುವೈದ್ಯರಿಗೆ. ಇಷ್ಟು ಕೈ ದಾಟುವಷ್ಟರಲ್ಲಿ ಬೇಸಿಗೆಯ ಬಿಸಿಲಿಗೆ ಹೆಣ ಪರೀಕ್ಷೆಗೆ ಒದಗದಷ್ಟು ಕೊಳೆತಿರುತ್ತದೆ. ಹೇಳಿದವರಿಗೆ ಪರೀಕ್ಷೆಯ ಫಲಿತಾಂಶ ತಿರುಗಿ ಬರುವುದಂತೂ ಅಪರೂಪ. ಮುಂದಿನ ಸಲ ಅವರು ಯಾಕೆ ಹೇಳಬೇಕು?

ಕೊನೆಯದಾಗಿ ಒಂದು ವ್ಯವಹಾರದ ಮಾತು. ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿವೆ. ಸಂತೋಷ. ಇಂಥ ಲಸಿಕೆ ನಿಜವಾಗಿ ಕೆಲಸ ಮಾಡುತ್ತದೋ ಎಂದು ನೋಡಬೇಕಾದರೆ ಕಾಯಿಲೆ ಇರುವ ಊರಿಗೇ ಬರಬೇಕು. ಅಂದರೆ ಇಂದಲ್ಲ ನಾಳೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಶಾಮಿಯಾನ ಹಾಕಿ, ಒಪ್ಪಿಗೆಯ ಕಾಗದ ಹಿಡಿದು ಕೂರುತ್ತಾರೆ. ಹೋಗಿ, ಸೇರಿಕೊಳ್ಳಿ ಎಂದೇ ನಾನು ಹೇಳುವುದು. ಆದರೆ ಹೆಬ್ಬೆಟ್ಟು ಒತ್ತುವ ಮುಂಚೆ ಕೇಳಿ. ಔಷಧ ಪ್ರಯೋಗಗಳ ಬಗೆಗಿನ 2019ರ ನಿಯಮಗಳ ಪ್ರಕಾರ ಪ್ರಯೋಗದ ವಿವರಗಳನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ಅವರ ಕರ್ತವ್ಯ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚೂ ಪರಿಹಾರವೂ ಅವರದೇ. ನನಗೆ ಲಸಿಕೆ ಕೊಡುತ್ತೀರೋ ಬರೀ ನೀರೋ, ಬರೀ ನೀರಾದರೆ ಪ್ರಯೋಗ ಮುಗಿದ ಮೇಲೆ ನನಗೂ ಲಸಿಕೆ ಕೊಡುತ್ತೀರಾ ಎಂದು ಕೇಳಿ. ಚುಚ್ಚಿದ ದಿನದ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿ. ನನ್ನ ರಕ್ತ ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಏನು ತಿಳಿಯಿತೆಂದು ನಮ್ಮ ಊರಿಗೆ ಬಂದು ಕನ್ನಡದಲ್ಲಿ ಯಾವಾಗ ಹೇಳುತ್ತೀರಿ ಎಂದು ಕೇಳಿ. ಐದು ವರ್ಷ ಬಿಟ್ಟು ಈ ಲಸಿಕೆಯ ಬಲ ಎಷ್ಟು ಉಳಿದಿದೆಯೆಂದು ನೋಡಲು ಯಾರು ಬರುತ್ತಾರೆ, ಅದಕ್ಕೆ ಹಣ ಈಗಲೇ ತೆಗೆದಿಟ್ಟಿದ್ದೀರಾ ಎಂದು ಕೇಳಿ. ಉತ್ತರವನ್ನು ಬರೆಸಿಕೊಂಡು, ಸಹಿ ಹಾಕಿಸಿ, ಪಂಚಾಯತಿಯ ಕಪಾಟಿನಲ್ಲಿಡಿ.